ಎಳೆಯ ಮಗುವಿಗೆ ಎಂಥ ಹೊದಿಕೆ?



ಈ ಹೊತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮನುಷ್ಯನಿಗೂ ಬಾಣಂತಿಯ ಕೋಣೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಹೆರಿಗೆಯಾದ ದಿನ ಮನೆಯ ಹೆಂಗಸರೆಲ್ಲ ಆಸ್ಪತ್ರೆಯಲ್ಲಿರುತ್ತಾರೆ. ‘ಬೇಗ ಹೋಗಿ ಮಗುವಿಗೊಂದು ಹೊದಿಕೆ ತನ್ನಿ’ ಎಂದು ಅಂಗಡಿಗೆ ಓಡಿಸುವುದು ನಮ್ಮಂಥ ಗಂಡಸರನ್ನೇ. ನಾವು ಹೋಗುತ್ತೇವೆ, ಬಣ್ಣ ನೋಡುತ್ತೇವೆ, ದಪ್ಪ ನೋಡುತ್ತೇವೆ, ಬೆಲೆ ಕೇಳುತ್ತೇವೆ, ಕಟ್ಟಿಸಿಕೊಂಡು ಬರುತ್ತೇವೆ. ನೋಡಬೇಕಾದುದನ್ನು ಮಾತ್ರ ನೋಡುವುದಿಲ್ಲ. ನಾನು ವೈದ್ಯನಲ್ಲ. ವೈದ್ಯರು ಹೇಳುವುದನ್ನು ಕೇಳಿ, ಓದಿ, ನಮ್ಮ ಊರಿನ ಹವೆಗೆ ಹೊಂದಿಸಿಕೊಂಡು ಹೇಳುತ್ತಿದ್ದೇನೆ, ಅಷ್ಟೇ.

ಕಂಬಳಿ ಎಂದರೆ ಕನ್ನಡದವರಿಗೂ ಅರ್ಥವಾಗುತ್ತದೆ, ತಮಿಳಿನವರಿಗೂ ಅರ್ಥವಾಗುತ್ತದೆ. ಮೂರು ರಾಜ್ಯಗಳು ಕೂಡುವ ಈ ಗುಡ್ಡಗಾಡಿನಲ್ಲಿ ಮಾತು ಬೇರೆ ಬೇರೆಯಾದರೂ ಚಳಿ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಚಳಿಯೂ ಒಂದೇ ಅಲ್ಲ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿ ಅಲ್ಲಿನ ತಗ್ಗು ಹುಲ್ಲುಗಾವಲಿನಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಗೂಡಲೂರು, ಮಸಿನಗುಡಿ ಎರಡೂ ಸುಮಾರು ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಆದರೆ ಗೂಡಲೂರಿನಲ್ಲಿ ಜೂನ್ ತಿಂಗಳಿನಿಂದ ಮಳೆ ಹಿಡಿದರೆ ಗೋಡೆಗೂ ನೀರೂರುತ್ತದೆ. ಮಸಿನಗುಡಿಯೋ ಮಳೆ ನೆರಳಿನ ಊರು. ಅಲ್ಲಿ ಬೇಸಿಗೆಯ ಬಿಸಿಲು ಚುರುಕು. ಈ ಮೂರು ಊರಿನ ಮಕ್ಕಳಿಗೆ ಒಂದೇ ಹೊದಿಕೆ ಹೇಗೆ ಸರಿಹೋದೀತು?

ಮೊದಲು ಮಗುವಿನ ಮೈಯ ಲೆಕ್ಕ ನೋಡೋಣ. ತಾಯಿಯ ಹೊಟ್ಟೆಯಲ್ಲಿ ಮಗು ಸುಮಾರು 37 ಡಿಗ್ರಿ ಬೆಚ್ಚನೆಯಲ್ಲಿರುತ್ತದೆ. ಹೊರಗೆ ಬಂದ ಕ್ಷಣದಿಂದ ಖರ್ಚು ಶುರು. ಒದ್ದೆ ಮೈ ಆರುವಾಗ ಶಾಖ ಹೋಗುತ್ತದೆ. ತಣ್ಣನೆಯ ಹಾಸಿಗೆ, ತೂಕದ ತಕ್ಕಡಿ ತಗುಲಿದಾಗ ಹೋಗುತ್ತದೆ. ಬಾಗಿಲ ಸಂದಿಯ ಗಾಳಿಗೆ ಹೋಗುತ್ತದೆ. ಪಕ್ಕದಲ್ಲಿ ತಣ್ಣನೆಯ ಗೋಡೆಯಿದ್ದರೆ ಮುಟ್ಟದಿದ್ದರೂ ಅದರ ಕಡೆಗೆ ಹೋಗುತ್ತದೆ. ನಮಗೆ ಚಳಿಯಾದರೆ ನಡುಗಿ ಶಾಖ ಮಾಡಿಕೊಳ್ಳುತ್ತೇವೆ. ಹಸುಳೆಗೆ ಹಾಗೆ ನಡುಗಿ ಬೆಚ್ಚಗಾಗುವ ಶಕ್ತಿ ಬಂದಿರುವುದಿಲ್ಲ. ಅದರ ಬದಲು ಕತ್ತಿನ ಬಳಿ, ಬೆನ್ನಿನ ಹೆಗಲೆಲುಬುಗಳ ನಡುವೆ, ಮೂತ್ರಪಿಂಡದ ಸುತ್ತ ಕಂದು ಬಣ್ಣದ ಒಂದು ವಿಶೇಷ ಕೊಬ್ಬು ಇರುತ್ತದೆ. ಅದನ್ನು ಉರಿಸಿ ಮಗು ಶಾಖ ಪಡೆಯುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಹುಟ್ಟುವಾಗಲೇ ತಂದ ಠೇವಣಿ. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಈ ಠೇವಣಿ ಬಹಳ ಕಡಿಮೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಕಾರಣವೂ ಇದೆ.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಮಗುವಿನ ಶಾಖ 36.5 ಡಿಗ್ರಿಯಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಇದಕ್ಕಿಂತ ಕೆಳಗಿಳಿದರೆ ಮಗು ತಣ್ಣಗಾಗುತ್ತಿದೆ ಎಂದು ಅರ್ಥ. 36ಕ್ಕಿಂತ ಕೆಳಗಾದರೆ ಅಪಾಯ. 32ಕ್ಕಿಂತ ಕೆಳಗಾದರೆ ಬಹಳ ದೊಡ್ಡ ಅಪಾಯ. ತಣ್ಣಗಾದ ಮಗು ಹಾಲು ಚೀಪುವುದನ್ನು ಬಿಡುತ್ತದೆ. ಹಾಲಿಲ್ಲದೆ ಶಾಖವಿಲ್ಲ, ಶಾಖವಿಲ್ಲದೆ ಹಾಲು ಚೀಪುವ ಬಲವಿಲ್ಲ. ಸಾಲದ ಬಡ್ಡಿಯ ಹಾಗೆ ಒಂದಕ್ಕೊಂದು ಸೇರಿ ಬೆಳೆಯುತ್ತದೆ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಹೊದಿಕೆ ಬಿಸಿ ಮಾಡುವ ವಸ್ತುವಲ್ಲ. ಇರುವ ಶಾಖವನ್ನು ಹಿಡಿದಿಡುವ ವಸ್ತು. ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆ ಕೆಲಸ ಮಾಡುತ್ತದೆ. ಆದುದರಿಂದ ಆಗಲೇ ತಣ್ಣಗಾಗಿರುವ ಮಗುವಿಗೆ ನಾಲ್ಕು ಕಂಬಳಿ ಸುತ್ತಿದರೆ ತಂಪನ್ನೇ ಕಟ್ಟಿಟ್ಟಂತಾಗುತ್ತದೆ. ಅದಕ್ಕೆ ಬೇಕಾದುದು ತಾಯಿಯ ಎದೆಯ ಶಾಖ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ ಎಂಬುವರು, ಆಸ್ಪತ್ರೆಯಲ್ಲಿ ಶಾಖದ ಪೆಟ್ಟಿಗೆಗಳು ಸಾಲದೆ ಬಂದಾಗ, ಕಡಿಮೆ ತೂಕದ ಮಕ್ಕಳನ್ನು ತಾಯಂದಿರ ಬರಿ ಎದೆಗೆ ಒರಗಿಸಿ ಕಟ್ಟುವ ಪದ್ಧತಿ ತಂದರು. ಕಾಂಗರೂ ಆರೈಕೆ ಎಂದು ಹೆಸರಾದ ಆ ಕ್ರಮ ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. ಮಗುವಿಗೆ ಟೋಪಿ, ಲಂಗೋಟಿ, ಕಾಲುಚೀಲ ಮಾತ್ರ, ಎದೆಗೆ ಎದೆ, ಮೇಲೆ ತಾಯಿಯ ಸೀರೆ, ಅದರ ಮೇಲೆ ಶಾಲು. ತಾಯಿಗೆ ಆಯಾಸವಾದರೆ ಅಪ್ಪನೂ ಹೀಗೆ ಹೊತ್ತುಕೊಳ್ಳಬಹುದು. ಅಂಗಡಿಯಲ್ಲಿ ಸಿಗದ, ಬೆಲೆಯಿಲ್ಲದ ಮೊದಲನೆಯ ಹೊದಿಕೆ ಇದು. ಹುಟ್ಟಿದ ಕೂಡಲೇ ಸ್ನಾನ ಮಾಡಿಸಬೇಡಿ, ಕನಿಷ್ಠ 24 ಗಂಟೆ ತಡೆಯಿರಿ ಎಂದು ಹೇಳುವುದೂ ಇದೇ ಶಾಖದ ಸಲುವಾಗಿಯೇ.

ಈಗ ಅಂಗಡಿಗೆ ಹೋಗೋಣ.

ಮೈಗೆ ತಗುಲುವ ಮೊದಲ ಪದರ ಯಾವಾಗಲೂ ಹತ್ತಿಯದೇ ಆಗಿರಬೇಕು. ಇದರಲ್ಲಿ ಎರಡು ಮಾತಿಲ್ಲ. ಹೊಸ ಹತ್ತಿಗಿಂತ ಹಳೆಯದು ವಾಸಿ. ಮಗು ಹುಟ್ಟುವ ಮುನ್ನ ಏನನ್ನೂ ಕೊಳ್ಳಬಾರದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅಜ್ಜಿಯ ಹಳೆಯ ಸೀರೆ, ಅಜ್ಜನ ಹಳೆಯ ಪಂಚೆ ಹರಿದು ಸುತ್ತುವುದೇ ರೂಢಿ. ನೂರು ಸಲ ಒಗೆದ ಬಟ್ಟೆಯಲ್ಲಿ ಗಂಜಿಯಿಲ್ಲ, ಬಿಡುವ ಬಣ್ಣವಿಲ್ಲ, ಎಳೆಗಳು ಮೆತ್ತಗಾಗಿರುತ್ತವೆ. ಉತ್ತರ ಕರ್ನಾಟಕದ ಹೆಂಗಸರು ಹಳೆ ಬಟ್ಟೆ ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಯ ಗುಟ್ಟೂ ಇದೇ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೂಸುಗಳಿಗೆಂದೇ ಪುಟ್ಟ ಕೌದಿ ಹೊಲಿಯುತ್ತಾರೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಹೊದಿಕೆ ಹಗುರವಾಗಿಯೂ ಇರುತ್ತದೆ. ಹಳೆ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಬಳಸಿದರೆ ಸಾಕು. ಹೊಸದನ್ನೇ ಕೊಳ್ಳುವುದಾದರೆ ಫ್ಲಾನಲ್ ಒಳ್ಳೆಯದು. ಅದನ್ನೂ ಒಗೆಯದೆ ಬಳಸಬಾರದು.

ಉಣ್ಣೆಯ ವಿಷಯಕ್ಕೆ ಬರೋಣ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿಯೂ ಒದ್ದೆ ಎನಿಸುವುದಿಲ್ಲ. ಮಂಜು ಹನಿಯುವ ಊರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎಲ್ಲ ಉಣ್ಣೆಯೂ ಒಂದಲ್ಲ. ಚಳ್ಳಕೆರೆಯ ಕಡೆಯಿಂದ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಬರುವ ಕರಿ ಕಂಬಳಿ ದಖ್ಖನಿ ಕುರಿಯ ಒರಟು ಉಣ್ಣೆಯದು. ನೇಯುವಾಗ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಮಳೆಗೆ, ಹೊಲಕ್ಕೆ, ಹಾಸಲು ಅದು ರಾಜ. ಎಳೆ ಚರ್ಮಕ್ಕೆ ಮಾತ್ರ ಅದು ಮುಳ್ಳು. ಮಗುವಿನ ಹಾಸಿಗೆಯ ಅಡಿಗೆ ಹಾಸಿದರೆ ನೆಲದ ತಂಪು ತಡೆಯುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ನಮ್ಮ ಉದಕಮಂಡಲದ ಬಳಿ ಸ್ಯಾಂಡಿನಲ್ಲಾದಲ್ಲಿ ಸರ್ಕಾರದ ಕುರಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಸಾಕುವ ನೀಲಗಿರಿ ತಳಿಯ ಕುರಿಗೆ ಮೆರಿನೋ ರಕ್ತವೂ ಸೇರಿರುವುದರಿಂದ ಅದರ ಉಣ್ಣೆ ನಯ. ಅಂಥ ನಯವಾದ ಉಣ್ಣೆಯಾದರೂ ಹತ್ತಿಯ ಮೇಲೆ ಎರಡನೆಯ ಪದರವಾಗಿಯೇ ಇರಲಿ.

ಅಂಗಡಿಯವರು ಹೆಚ್ಚಾಗಿ ತೋರಿಸುವುದು ಮಿಲ್ಲಿನ ಹೊದಿಕೆ, ಕರಡಿ, ಮೊಲದ ಚಿತ್ರವಿರುವುದು. ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಮುಟ್ಟಿದರೆ ಬೆಣ್ಣೆಯ ಹಾಗೆ. ಆದರೆ ಬೆವರನ್ನು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ‘ಪೂರ್ತಿ ಉಣ್ಣೆ ಸಾರ್’ ಎಂದರೆ ಒಂದು ಎಳೆ ಕಿತ್ತುಕೊಂಡು ಮನೆಯ ಹೊರಗೆ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾಗಿ ನಿಂತರೆ ಅದು ಕೃತಕ ನೂಲು. ನಕಲಿ ನೋಟು ಗುರುತಿಸುವುದಕ್ಕಿಂತ ಇದು ಸುಲಭ.

ಇನ್ನೂ ನಾಲ್ಕು ಪರೀಕ್ಷೆಗಳಿವೆ. ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿ. ಬಣ್ಣ ಹತ್ತಿದರೆ ಬೇಡ. ಬೆರಳಿನಿಂದ ಜಗ್ಗಿ, ಜುಂಗು ಕೈಗೆ ಬಂದರೆ ನಾಳೆ ಮಗುವಿನ ಮೂಗಿಗೆ, ಬಾಯಿಗೆ ಹೋಗುತ್ತದೆ. ಅಂಚಿನಲ್ಲಿ ಕುಚ್ಚು, ಮಣಿ, ಉದ್ದ ದಾರ ಇದ್ದರೆ ಬೇಡ. ಒಂದು ಎಳೆ ಪುಟ್ಟ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದೇ ನಿಲ್ಲುತ್ತದೆ. ಕೈಯಲ್ಲಿ ಎತ್ತಿ ನೋಡಿ. ನಿಮ್ಮ ಕೈಗೆ ಭಾರ ಎನಿಸಿದರೆ ಮೂರು ಕಿಲೋ ಮಗುವಿನ ಎದೆಗೆ ಅದು ಬಂಡೆ. ಅಳತೆ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಚೌಕ ಇದ್ದರೆ ಸಾಕು. ‘ದೊಡ್ಡದಾದ ಮೇಲೂ ಆಗುತ್ತದೆ’ ಎಂದು ದೊಡ್ಡವರ ಅಳತೆಯದನ್ನು ಕೊಳ್ಳಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮಗೆ ಹೇಳಿದ ಗಾದೆ. ಮಗುವಿನ ವಿಷಯದಲ್ಲಿ ಅದನ್ನು ತಿರುಗಿಸಿ, ಕಾಲು ಇದ್ದಷ್ಟು ಹೊದಿಕೆ ತರಬೇಕು.

ಎಷ್ಟು ಬೇಕು? ಗೂಡಲೂರಿನವರಿಗೆ ನನ್ನ ಸಲಹೆ ಹೀಗಿದೆ: ದಪ್ಪದ್ದು ಒಂದರ ಬದಲು ತೆಳುವಾದವು ಆರು. ಆಡಿ ತಿಂಗಳಿನ ಮಳೆಯಲ್ಲಿ ದಪ್ಪ ಹೊದಿಕೆ ಒಣಗುವಷ್ಟರಲ್ಲಿ ಮಗು ತೆವಳಲು ಕಲಿತಿರುತ್ತದೆ. ಅರೆಬರೆ ಒಣಗಿದ ಬಟ್ಟೆ ಸುತ್ತಿದರೆ ಅದು ಶಾಖ ಹಿಡಿಯುವುದಿಲ್ಲ, ಶಾಖ ಕದಿಯುತ್ತದೆ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದರೆ ಹೊಗೆಯೆಲ್ಲ ಬಟ್ಟೆಗೆ ಹಿಡಿಯುತ್ತದೆ. ತೆಳುವಾದುದಾದರೆ ಇಸ್ತ್ರಿ ಹಾಕಿ ಆರಿಸಬಹುದು. ಉದಕಮಂಡಲದವರಿಗೆ ಇವುಗಳ ಜೊತೆಗೆ ನಯವಾದ ಉಣ್ಣೆಯದು ಒಂದು ಬೇಕು. ಮಸಿನಗುಡಿಯವರಿಗೆ ಬೇಸಿಗೆಯಲ್ಲಿ ಒಂದು ಪದರ ಹತ್ತಿಯೇ ಸಾಕಾಗುವ ದಿನಗಳು ಬಹಳ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿ. ಮುಂಚಿತವಾಗಿ ಏನೂ ಕೊಳ್ಳದ ಮನೆಯಲ್ಲಿ ಮಗು ಹುಟ್ಟಿದ ಕೂಡಲೇ ಏನು ಮಾಡುತ್ತಾರೆ? ಟ್ರಂಕು ತೆಗೆಯುತ್ತಾರೆ. ಅದರ ತಳದಲ್ಲಿ ಹಿಂದಿನ ಮಗುವಿನ ಹೊದಿಕೆ, ಸ್ವೆಟರ್, ಟೋಪಿ ಇರುತ್ತವೆ. ಜೊತೆಗೆ ಬಿಳಿಯ ನುಸಿಗುಳಿಗೆಗಳೂ ಇರುತ್ತವೆ. ತಮಿಳಿನಲ್ಲಿ ಅಂದುರುಂಡೈ ಎನ್ನುತ್ತಾರೆ. ಉಣ್ಣೆಬಟ್ಟೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿಲ್ಲ. ಆದುದರಿಂದ ಈ ಗುಳಿಗೆ ಇಲ್ಲದ ಟ್ರಂಕೂ ಅಪರೂಪ. ಅದು ನ್ಯಾಫ್ತಲೀನ್ ಎಂಬ ರಾಸಾಯನಿಕ. ಗುಳಿಗೆ ಕರಗಿ ಸಣ್ಣದಾಗುತ್ತದಲ್ಲ, ಅದು ಎಲ್ಲಿಗೆ ಹೋಯಿತು? ಆವಿಯಾಗಿ ಬಟ್ಟೆಯ ಎಳೆಎಳೆಯೊಳಗೆ ಸೇರಿತು. ಆ ಹೊದಿಕೆಯನ್ನು ಹಾಗೆಯೇ ಸುತ್ತಿದರೆ ಮಗು ಹಗಲೂ ರಾತ್ರಿ ಅದನ್ನೇ ಉಸಿರಾಡುತ್ತದೆ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ವಂಶದಲ್ಲಿ ಬರುವ ಕೊರತೆ ಇದು. ಗಂಡು ಮಕ್ಕಳಲ್ಲಿ ಹೆಚ್ಚು. ನೋಡಲು ಮಗು ಚೆನ್ನಾಗಿಯೇ ಇರುತ್ತದೆ, ಮನೆಯವರಿಗೆ ತಿಳಿದೇ ಇರುವುದಿಲ್ಲ. ಅಂಥ ಮಗುವಿಗೆ ನ್ಯಾಫ್ತಲೀನ್ ತಗುಲಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಕಾಮಾಲೆ ಏರುತ್ತದೆ, ಮಿತಿಮೀರಿದರೆ ಮಿದುಳಿಗೂ ತಗುಲುತ್ತದೆ. 1963ರಲ್ಲಿ ಗ್ರೀಸ್ ದೇಶದ ವೈದ್ಯರು ಹೀಗೆ ನ್ಯಾಫ್ತಲೀನ್ ಉಸಿರಾಡಿ ರಕ್ತ ಒಡೆದ 21 ಹಸುಳೆಗಳ ವರದಿ ಪ್ರಕಟಿಸಿದರು. ಅವರಲ್ಲಿ ಹಲವು ಮಕ್ಕಳಿಗೆ ಈ ಕಿಣ್ವದ ಕೊರತೆ ಇತ್ತು, ಎಲ್ಲರಿಗೂ ಅಲ್ಲ. ಎಂದರೆ ಕೊರತೆ ಇಲ್ಲದ ಮಕ್ಕಳೂ ಇದರಿಂದ ಪೂರ್ತಿ ಪಾರಲ್ಲ. ನಮ್ಮಲ್ಲಿ ಎಣ್ಣೆ ಹಚ್ಚಿ ನೀರೆರೆಯುವ ಪದ್ಧತಿಯೂ ಇದೆ. ಎಣ್ಣೆ ಹಚ್ಚಿದ ಚರ್ಮ ಈ ರಾಸಾಯನಿಕವನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ.

ಏನು ಮಾಡಬೇಕು? ಏಳನೆಯ ತಿಂಗಳಲ್ಲೇ ಟ್ರಂಕು ತೆಗೆಯಿರಿ. ಇದು ಕೊಳ್ಳುವುದಲ್ಲ, ತೆಗೆದು ನೋಡುವುದು ಮಾತ್ರ, ನಂಬಿಕೆಗೆ ಭಂಗವಿಲ್ಲ. ಗುಳಿಗೆಗಳನ್ನು ಮನೆಯಿಂದಾಚೆ ಹಾಕಿ. ಬಟ್ಟೆಗಳನ್ನು ಎರಡು ಮೂರು ಸಲ ಒಗೆದು, ಹಲವು ದಿನ ಬಿಸಿಲಿಗೆ ಗಾಳಿಗೆ ಹರಡಿ. ಮೂಗಿಗೆ ಹಿಡಿದಾಗ ವಾಸನೆ ಸ್ವಲ್ಪ ಬಂದರೂ ಅದು ಮಗುವಿಗೆ ಬೇಡ, ದೊಡ್ಡವರು ಹೊದೆಯಲಿ. ಮುಂದೆ ಎತ್ತಿಡುವಾಗ ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಬಿಗಿಯಾಗಿ ಕಟ್ಟಿ ಒಣ ಬೇವಿನ ಸೊಪ್ಪಿನ ಜೊತೆ ಇಡಿ. ನೋಡಲು ಬಂದ ನೆಂಟರು ತಂದ ಹೊದಿಕೆಗೂ ಇದೇ ನಿಯಮ. ನನ್ನ ಮೊಮ್ಮಗಳು ಹುಟ್ಟಿದಾಗ ನಮ್ಮ ಮನೆಗೆ ಏಳು ಹೊದಿಕೆ ಉಡುಗೊರೆಯಾಗಿ ಬಂದವು. ಅವುಗಳಲ್ಲಿ ಎರಡು ಬೀರುವಿನ ವಾಸನೆ ಹೊತ್ತೇ ಬಂದಿದ್ದವು. ಪ್ರೀತಿಯಿಂದಲೇ ತಂದದ್ದು, ನಿಜ. ಆದರೆ ಪ್ರೀತಿಯನ್ನೂ ಒಗೆದೇ ಬಳಸಬೇಕು.

ಹೊದಿಕೆ ಬಳಸಿದ ಮೇಲೆ ಮಗುವಿನ ಕಣ್ಣು, ಮೈ ಹಳದಿಯಾದರೆ, ಬಿಳಿಚಿಕೊಂಡರೆ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಬಿಸಿಲಿಗೆ ಹಿಡಿದು ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ನುಸಿಗುಳಿಗೆ ಇದ್ದ ಬಟ್ಟೆ ಹೊದೆಸಿದ್ದೆವು’ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ತೋರಿಸುತ್ತದೆ. 108ಕ್ಕೆ ಫೋನ್ ಮಾಡಿದರೆ ಗಡಿಯ ಆಚೆಯೂ ಈಚೆಯೂ ಆಂಬ್ಯುಲೆನ್ಸ್ ಬರುತ್ತದೆ.

ನಮ್ಮ ಜಿಲ್ಲೆಯ ಹೆಸರು ಹೊತ್ತ ನೀಲಗಿರಿ ತೈಲದ ಬಗ್ಗೆಯೂ ಒಂದು ಮಾತು. ಮೂಗು ಕಟ್ಟಿದೆ ಎಂದು ಹೊದಿಕೆಗೆ ನಾಲ್ಕು ಹನಿ ಚಿಮುಕಿಸುವವರಿದ್ದಾರೆ. ದೊಡ್ಡವರಿಗೆ ಹಿತವಾದ ಆ ಘಾಟು ಹಸುಳೆಯ ಉಸಿರಿಗೆ ಹಿತವಲ್ಲ. ಕರ್ಪೂರ, ಪುದೀನದ ಮುಲಾಮುಗಳೂ ಹಾಗೆಯೇ. ಎರಡು ವರ್ಷ ತುಂಬುವವರೆಗೆ ಅವು ಮಗುವಿನ ಹತ್ತಿರ ಬೇಡ.

ಹೊದಿಕೆ ಸಾಲದು ಎಂದು ಕೆಂಡದ ಕುಂಡವನ್ನು ಕೋಣೆಗೆ ತರುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಬಿಸಿನೀರಿನ ಚೀಲದಿಂದ ಹಾಸಿಗೆ ಬೆಚ್ಚಗೆ ಮಾಡಬಹುದು. ಮಗುವನ್ನು ಮಲಗಿಸುವ ಮುನ್ನ ಅದನ್ನು ತೆಗೆದುಬಿಡಬೇಕು.

ಚಳಿಯಷ್ಟೇ ಸೆಕೆಯೂ ಕೆಟ್ಟದು. ಅತಿಯಾದರೆ ಅಮೃತವೂ ವಿಷ. ನಿಮ್ಮ ಮೈಮೇಲೆ ಎಷ್ಟು ಪದರ ಬಟ್ಟೆ ಇದೆಯೋ ಅದಕ್ಕಿಂತ ಒಂದು ಹೆಚ್ಚು, ಇಷ್ಟೇ ಸೂತ್ರ. ನೋಡುವುದು ಹೇಗೆ? ಕೈ ಬೆಚ್ಚಗೆ ಮಾಡಿಕೊಂಡು ಮೊದಲು ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಮಗು ಸುಖವಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಶುರುವಾಗಿದೆ; ಎದೆಗೆ ಒರಗಿಸಿಕೊಳ್ಳಿ, ಒಂದು ಪದರ ಸೇರಿಸಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ. ಕತ್ತಿನ ಹಿಂದೆ ಬೆವರಿದ್ದರೆ, ಮುಖ ಕೆಂಪಾಗಿದ್ದರೆ ಒಂದು ಪದರ ತೆಗೆಯಿರಿ.

ಉದಕಮಂಡಲದ ತವರಿನಿಂದ ಮಸಿನಗುಡಿಯ ಗಂಡನ ಮನೆಗೆ ಹೋಗುವ ಬಾಣಂತಿಯನ್ನು ನೆನೆಯಿರಿ. ಕಲ್ಲಟ್ಟಿ ಘಾಟಿಯ 36 ತಿರುವು ಇಳಿಯುವಷ್ಟರಲ್ಲಿ ಸಾವಿರದ ಇನ್ನೂರು ಮೀಟರಿನಷ್ಟು ಕೆಳಗೆ ಬಂದಿರುತ್ತೇವೆ, ಗಾಳಿ ಏಳೆಂಟು ಡಿಗ್ರಿ ಬಿಸಿಯಾಗಿರುತ್ತದೆ. ಹೊರಡುವಾಗ ಸುತ್ತಿದ ಮೂರು ಪದರ ಇಳಿಯುವಾಗಲೂ ಹಾಗೇ ಇದ್ದರೆ ಮಗು ಬೆಂದುಹೋಗುತ್ತದೆ. ದಾರಿಯಲ್ಲಿ ಒಂದೊಂದೇ ಪದರ ತೆಗೆಯುತ್ತಾ ಹೋಗಬೇಕು. ಪದರಪದರವಾಗಿ ಹೊದೆಸುವುದರ ಲಾಭ ಇದು. ಒಂದೇ ದಪ್ಪ ರಜಾಯಿಯಲ್ಲಿ ಈ ಅನುಕೂಲವಿಲ್ಲ.

ಕೊನೆಯದಾಗಿ ಮಲಗಿಸುವ ಬಗೆ. ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಮಲಗಿದ ಮಗುವಿನ ಮೇಲೆ ಸಡಿಲವಾದ ಹೊದಿಕೆ, ದಿಂಬು, ದೊಡ್ಡವರ ರಜಾಯಿ ಬೇಡ. ಮುಖದ ಮೇಲೆ ಜಾರಿದರೆ ತೆಗೆದುಕೊಳ್ಳಲು ಅದಕ್ಕೆ ಕೈ ಬರುವುದಿಲ್ಲ. ಬೆಚ್ಚನೆಯ ಉಡುಪನ್ನೇ ಪದರವಾಗಿ ತೊಡಿಸಿ, ಅಥವಾ ತೋಳು ಹೊರಗಿರುವ ಚೀಲದಂಥ ಉಡುಪನ್ನು ಮನೆಯಲ್ಲೇ ಹೊಲಿಯಿರಿ. ಫಿನ್ಲೆಂಡ್ ಎಂಬ ಹಿಮದ ನಾಡಿನಲ್ಲಿ ಸರ್ಕಾರ 1938ರಿಂದ ಬಾಣಂತಿಯರಿಗೆ ಒಂದು ಪೆಟ್ಟಿಗೆ ಕೊಡುತ್ತಾ ಬಂದಿದೆ. ಈಗ ಅದರಲ್ಲಿ ಇಂಥ ಮಲಗುವ ಚೀಲವೂ ಇರುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ಮಡಿಲು ಕಿಟ್ಟಿನಲ್ಲಿ ಸ್ವೆಟರ್, ಟೋಪಿ, ಕಾಲುಚೀಲ ಇದ್ದವು; ತಮಿಳುನಾಡಿನಲ್ಲಿ 2015ರಲ್ಲಿ ಆರಂಭವಾದ ಅಮ್ಮ ಮಗು ಪೆಟ್ಟಿಗೆಯ 16 ವಸ್ತುಗಳಲ್ಲಿ ಹಾಸಿಗೆ, ಸೊಳ್ಳೆಪರದೆ ಇದ್ದವು. ನಮ್ಮ ಅಜ್ಜಿಯರ ಕುಂಚಿಗೆ ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ಮುಚ್ಚುವ ಜಾಣ ಉಡುಪು. ಎತ್ತಿಕೊಂಡು ಓಡಾಡುವಾಗ ಅದು ಬಹಳ ಚೆನ್ನ, ಮಲಗಿಸುವಾಗ ಮಾತ್ರ ಬಿಚ್ಚಿಡಿ. ಬಟ್ಟೆ ಸುತ್ತುವಾಗ ಕಾಲುಗಳನ್ನು ನೇರ ಎಳೆದು ಬಿಗಿಯಬೇಡಿ. ಮಂಡಿ ಮಡಿಸಿ ಆಡಿಸುವಷ್ಟು ಜಾಗ ಬಿಡಿ. ಇಲ್ಲದಿದ್ದರೆ ಸೊಂಟದ ಕೀಲು ಸರಿಯಾಗಿ ಕೂರುವುದಿಲ್ಲ. ಮಗು ಮಗ್ಗುಲಾಗಲು ಹವಣಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ಕೇಳುಗರೇ, ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಮೂರೇ ಮಾತು ಇಟ್ಟುಕೊಳ್ಳಿ. ಮೈಗೆ ಹತ್ತಿ, ಮೇಲೆ ಉಣ್ಣೆ. ಟ್ರಂಕಿನ ವಾಸನೆ ಇದ್ದುದು ಮಗುವಿಗೆ ಬೇಡ. ಹೊಟ್ಟೆ ಮುಟ್ಟಿ, ಪಾದ ಮುಟ್ಟಿ ನೋಡಿ. ನಿಮ್ಮ ಬೀದಿಯಲ್ಲಿ ಏಳು ತಿಂಗಳ ಗರ್ಭಿಣಿ ಯಾರಾದರೂ ಇದ್ದರೆ, ಅವರ ಮನೆಯಲ್ಲಿ ತಮಿಳಾಡಲಿ, ಮಲಯಾಳ ಆಡಲಿ, ಬಡಗ ಆಡಲಿ, ಅವರ ಭಾಷೆಯಲ್ಲೇ ಈ ಮೂರು ಮಾತನ್ನು ತಲುಪಿಸಿ.